ಗಂಡಭೇರುಂಡದ ನೌಕೆ

ಕಡಲಿಲ್ಲದ ಸಂಸ್ಥಾನವೊಂದರ ಹೆಸರನ್ನು ಹೊತ್ತು, ಅದರ ಗಂಡಭೇರುಂಡವನ್ನೇ ಲಾಂಛನವಾಗಿ ಧರಿಸಿ, ಎಂದಿಗೂ ಅಂಜದಿರುವವನನ್ನು ಕುರಿತ ತೈತ್ತಿರೀಯ ಉಪನಿಷತ್ತಿನ ನುಡಿಯನ್ನು ಧ್ಯೇಯವಾಕ್ಯವಾಗಿ ಮಾಡಿಕೊಂಡು, ಇಪ್ಪತ್ತೆಂಟು ವರ್ಷ ನಮ್ಮ ಧ್ವಜದಡಿಯಲ್ಲಿ ಸಂಚರಿಸಿದ ‘ಐ.ಎನ್.ಎಸ್. ಮೈಸೂರು’ ಎಂಬ ಕ್ರೂಸರ್ ನೌಕೆಯು 1985ರ ಆಗಸ್ಟ್ 20ರಂದು ಸೇವೆಯಿಂದ ನಿವೃತ್ತವಾಗಿ, ಬಳಿಕ ಗುಜರಿಗೆ ಸಂದ ಸಂಗತಿಯನ್ನು ಇಂದು ನಮ್ಮಲ್ಲಿ ನೆನೆಯುವವರು ವಿರಳ. ಮರೆಯದೆ ಇರುವವರೆಂದರೆ, ಅದರ ಮೇಲೆ ಕೆಡೆಟ್ಟುಗಳಾಗಿ ಕಡಲವಿದ್ಯೆಯನ್ನು ಕಲಿತವರು.

1939ರಲ್ಲಿ ಇಂಗ್ಲೆಂಡಿನ ಟೈನ್ ನದಿಗಿಳಿದ ಈ ಹಡಗಿಗೆ ಮೊದಲಿದ್ದ ಹೆಸರು ‘ನೈಜೀರಿಯಾ’. 1942ರಲ್ಲಿ ಮಾಲ್ಟಾ ದ್ವೀಪಕ್ಕೆ ಆಹಾರ ಸಾಗಿಸುವ ಹಡಗುಗಳಿಗೆ ಬೆಂಗಾವಲಾಗಿ ಹೋಗುತ್ತಿದ್ದಾಗ ಇಟಲಿಯ ಜಲಾಂತರ್ಗಾಮಿಯೊಂದರ ಟಾರ್ಪೆಡೊ ತಗುಲಿಯೂ ಅದು ಮುಳುಗಲಿಲ್ಲ. 1957ರಲ್ಲಿ ನಮ್ಮ ನೌಕಾಪಡೆಯನ್ನು ಸೇರಿ, 1971ರ ಯುದ್ಧದಲ್ಲಿ ಪಶ್ಚಿಮ ನೌಕಾಬಲದ ಅಧಿಪತಿ ಕುರುವಿಲ್ಲಾ ಅವರ ಧ್ವಜನೌಕೆಯಾಯಿತು. ಆದರೆ ನನಗೆ ಈ ಪರಾಕ್ರಮಕ್ಕಿಂತಲೂ ಹಿರಿದಾಗಿ ತೋರುವುದು, ಮುಪ್ಪಿನಲ್ಲಿ ಅದು ವಹಿಸಿಕೊಂಡ ಗುರುವೃತ್ತಿ. 1970ರ ದಶಕದ ಉತ್ತರಾರ್ಧದಲ್ಲಿ ಅದು ಶಿಕ್ಷಣನೌಕೆಯಾಗಿತ್ತು.

ಅಲ್ಲಿ ಕಲಿತು, ನೌಕಾಪಡೆಯಿಂದ ನಿವೃತ್ತರಾಗಿ ಪೀಣ್ಯದ ಯಂತ್ರಶಾಲೆಯೊಂದರಲ್ಲಿ ಬಹುಕಾಲ ದುಡಿದ ಹಿರಿಯರೊಬ್ಬರು, ಆ ಹಡಗಿನ ಮಾತು ಬಂದರೆ ಯುದ್ಧವನ್ನು ಎತ್ತುವುದೇ ಇಲ್ಲ. ಬರಿಗೈಯಲ್ಲೇ ಸೂರ್ಯನ ಎತ್ತರವನ್ನಳೆಯುವ ಸೆಕ್ಸ್ಟೆಂಟ್ ಹಿಡಿದಂತೆ ಅಭಿನಯಿಸಿ, ನಡುಹಗಲ ಸೂರ್ಯನ ಬಿಂಬವನ್ನು ಕನ್ನಡಿಯ ಮೂಲಕ ದಿಗಂತದವರೆಗೆ ಇಳಿಸಿ, ಮಣಿಕಟ್ಟನ್ನು ಎಡಬಲಕ್ಕೆ ಮೆಲ್ಲನೆ ವಾಲಿಸಿ, ಬಿಂಬದ ಕೆಳಅಂಚು ನೀರಗೆರೆಯನ್ನು ಮುಟ್ಟಿತೋ ಮುಟ್ಟಲಿಲ್ಲವೋ ಎಂಬ ಕ್ಷಣದಲ್ಲಿ ಉಸಿರು ಹಿಡಿದು ನಿಲ್ಲುತ್ತಾರೆ. ಆ ಉಪಕರಣದ ಸಣ್ಣ ತಿರುಪನ್ನು ತಿರುಗಿಸಿ ಪಳಗಿದ ಬೆರಳುಗಳೇ ಮುಂದೆ ಪೀಣ್ಯದಲ್ಲಿ ಮೈಕ್ರೋಮೀಟರನ್ನು ತಿರುಗಿಸಿದವು. ಅದೇ ಪೀಣ್ಯದ ಗುಜರಿ ಅಂಗಡಿಗಳ ಮುಂದೆ ಗ್ಯಾಸ್ ಕಟರಿನ ಜ್ವಾಲೆಗೆ ಸೀಳಿದ ದಪ್ಪ ತಗಡುಗಳ ರಾಶಿಯನ್ನು ಕಂಡಾಗಲೆಲ್ಲ ಅವರು ಒಂದು ಗಳಿಗೆ ನಿಂತು ನೋಡುತ್ತಾರಂತೆ. ಕುಲುಮೆಯಲ್ಲಿ ಕರಗಿದ ಉಕ್ಕಿಗೆ ಪೂರ್ವಾಶ್ರಮವಿಲ್ಲವೆಂಬುದನ್ನು ಬಲ್ಲವರಿಗೂ ಇಂಥ ದುಃಖ ತಪ್ಪಿದ್ದಲ್ಲ.

ಹಳೆಯ ಹಡಗುಗಳನ್ನೆಲ್ಲ ಉಳಿಸಿಕೊಳ್ಳುವುದು ಅಸಾಧ್ಯವೆಂಬುದನ್ನು ನಾನು ಒಪ್ಪುತ್ತೇನೆ. ಉಪ್ಪುನೀರು ಉಕ್ಕನ್ನು ಬಿಡದೆ ತಿನ್ನುತ್ತದೆ. ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿದ್ದ ಹಳೆಯ ವಿಮಾನವಾಹಕ ನೌಕೆ ‘ವಿಕ್ರಾಂತ’ವೇ ಕಡೆಗೆ ಒಡೆಯುವವರ ಪಾಲಾಯಿತು. ಆದರೆ ನಮ್ಮ ‘ಡೆಲ್ಲಿ’ ಎಂಬ ಕ್ರೂಸರನ್ನು 1978ರಲ್ಲಿ ಒಡೆಯುವ ಹೊತ್ತಿಗೆ, ಹಿಂದೆ ‘ಅಕಿಲಿಸ್’ ಎಂಬ ಹೆಸರಿನಿಂದ ನ್ಯೂಜಿಲೆಂಡಿನ ಪರವಾಗಿ ಕಾದಿದ್ದ ಆ ಹಡಗಿನ ಫಿರಂಗಿಗೋಪುರವೊಂದನ್ನು ಕಳಚಿ, ಆ ದೇಶಕ್ಕೆ ಕಾಣಿಕೆಯಾಗಿ ಕೊಟ್ಟವರು ನಾವೇ. ಅಲ್ಲಿನ ಡೆವೊನ್‌ಪೋರ್ಟಿನ ನೌಕಾನೆಲೆಯಲ್ಲಿ ಅದು ಇಂದಿಗೂ ಇದೆ. ಪರರ ನೆನಪಿಗೆ ತೋರಿದ ಈ ಔದಾರ್ಯವನ್ನು ನಮ್ಮ ನೆನಪಿಗೂ ತೋರಬೇಡವೆ?

1999ರಲ್ಲಿ ಹೊಸ ಯುದ್ಧನೌಕೆಯೊಂದಕ್ಕೆ ‘ಮೈಸೂರು’ ಎಂಬ ಹೆಸರು ಸಂದದ್ದು ಸಂತೋಷವೇ. ಆದರೆ ಹಳೆಯದರ ಮೇಲೆ ಕಲಿತವರ ಅನುಭವವನ್ನು ಅವರ ಬಾಯಿಂದಲೇ ಕೇಳಿ, ಕನ್ನಡದಲ್ಲಿ ಬರೆದಿಟ್ಟು, ಅವರ ಪೆಟ್ಟಿಗೆಗಳಲ್ಲಿರುವ ಛಾಯಾಚಿತ್ರ, ದಿನಚರಿಗಳೊಡನೆ ಕಾರವಾರದ ಯುದ್ಧನೌಕಾ ಸಂಗ್ರಹಾಲಯದಲ್ಲಿ, ‘ಚಪಲ’ ನೌಕೆಯ ಮಗ್ಗುಲಲ್ಲಿ, ಒಂದು ಕೊಠಡಿಯಲ್ಲಿ ಇರಿಸುವುದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಅದನ್ನು ಈ ವರ್ಷವೇ ಆರಂಭಿಸಬೇಕು. ಆ ಹಡಗಿನ ಮೊದಲ ಕೆಡೆಟ್ಟುಗಳಿಗೆ ಈಗ ಎಪ್ಪತ್ತರ ಆಸುಪಾಸಿನ ವಯಸ್ಸು.