ದನ ಕಾಯುವುದು ಶಿಕ್ಷೆಯಲ್ಲ



ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ದಿನಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಒಂದು ಮಾತು ಮನೆಮನೆಯಲ್ಲೂ ಕೇಳಿಬರುತ್ತದೆ: ‘ಓದದಿದ್ದರೆ ದನ ಕಾಯೋಕೆ ಹೋಗು.’ ಮೇಷ್ಟ್ರು ಹೇಳುತ್ತಾರೆ, ಅಪ್ಪ ಹೇಳುತ್ತಾರೆ, ಹಾಲಿನ ಬಟವಾಡೆಯಿಂದ ಶಾಲೆಯ ಫೀಸು ಕಟ್ಟಿದ ಅಮ್ಮನೂ ಹೇಳುತ್ತಾರೆ. ಯಾವ ಕಸುಬು ಮನೆಯ ಒಲೆ ಉರಿಸುತ್ತಿದೆಯೋ ಅದನ್ನೇ ಮಕ್ಕಳಿಗೆ ಶಿಕ್ಷೆ ಎಂದು ತೋರಿಸುತ್ತೇವೆ.

ಇದರಿಂದ ಎರಡು ಕಡೆ ನಷ್ಟ. ಓದಿನಲ್ಲಿ ಮನಸ್ಸಿಲ್ಲದ ಹುಡುಗ ‘ದನ ಕಾಯುವವ’ ಅನ್ನಿಸಿಕೊಳ್ಳಬಾರದೆಂದು ಯಾವುದೋ ಕಾಲೇಜಿಗೆ ಹೆಸರು ಹಚ್ಚುತ್ತಾನೆ. ಕೊಟ್ಟಿಗೆ ಕೆಲಸ ಇಷ್ಟಪಟ್ಟು ಊರಲ್ಲೇ ಉಳಿದವನು ಸೋತವನಂತೆ ತಲೆ ತಗ್ಗಿಸಿ ಓಡಾಡುತ್ತಾನೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ಪ್ರತಿ ಮಗುವೂ ಮುಗಿಸಲೇಬೇಕು. ಆಮೇಲೆ ಕಾಲೇಜು ಎಲ್ಲರಿಗೂ ಬೇಕಿಲ್ಲ. ಆದರೆ ಕಲಿಕೆ ಎಲ್ಲರಿಗೂ ಬೇಕು, ಕೊಟ್ಟಿಗೆಯಲ್ಲಿ ಉಳಿಯುವವರಿಗಂತೂ ಇನ್ನೂ ಹೆಚ್ಚು ಬೇಕು.

‘ನೀವು ಓದಿ ಡಾಕ್ಟರಾದಿರಿ, ನಮ್ಮ ಮಕ್ಕಳು ಮಾತ್ರ ಓದಬಾರದೇ?’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಪಶುವೈದ್ಯ ಪದವಿಗೆ ತರಬೇತಿ ಸೇರಿ ಐದೂವರೆ ವರ್ಷ ಬೇಕು. ಹಸುವಿನ ಹೊಟ್ಟೆ ಕೊಯ್ದು ಕರು ತೆಗೆಯುವ ಕೆಲಸಕ್ಕೆ ಅಷ್ಟು ಓದು ಬೇಕೇ ಬೇಕು. ಅಂಥ ಕೆಲಸ ಬಯಸುವ ಮಗುವನ್ನು ಸಾಲ ಮಾಡಿಯಾದರೂ ಓದಿಸಿ. ನಾನು ಹೇಳುತ್ತಿರುವುದು ಬೇರೆಯವರ ಬಗ್ಗೆ. ಯಾವ ಕೋರ್ಸು, ಯಾಕೆ ಎಂದು ಕೇಳಿದರೆ ‘ಗೆಳೆಯರೆಲ್ಲ ಸೇರಿದರು’ ಎನ್ನುವವರ ಬಗ್ಗೆ. ಇಂಥ ಓದಿಗಾಗಿ ಹಾಲು ಕರೆಯುವ ಹಸುವನ್ನೇ ಮಾರುವ ಮನೆಗಳಿವೆ. ಮೂರು ವರ್ಷ ಕಳೆದ ಮೇಲೆ ಕೈಯಲ್ಲಿ ಡಿಗ್ರಿ ಇರುತ್ತದೆ, ಕೆಲಸ ಇರುವುದಿಲ್ಲ. ಕೊಟ್ಟಿಗೆಯಲ್ಲಿ ಹಸುವೂ ಇರುವುದಿಲ್ಲ.

ಎಸ್ಸೆಸ್ಸೆಲ್ಸಿ ನಂತರ ದಾರಿ ಒಂದೇ ಅಲ್ಲ. ಯಂತ್ರದಲ್ಲಿ ಕೈ ಆಡುವ ಹುಡುಗನಿಗೆ ಐಟಿಐ ಇದೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೂ ಹೋಗಬಹುದು. ಅಂದರೆ ಇವತ್ತು ಕಾಲೇಜು ಬೇಡವೆಂದವನಿಗೆ ಬಾಗಿಲು ಮುಚ್ಚಿಹೋಗುವುದಿಲ್ಲ. ದನಕರುಗಳ ಮೇಲೆ ಪ್ರೀತಿ ಇದ್ದವರಿಗೆ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಪಶುಸಂಗೋಪನೆ ಡಿಪ್ಲೊಮಾ ಇದೆ. ಕೃತಕ ಗರ್ಭಧಾರಣೆ ಕಲಿತು ಊರಲ್ಲೇ ದುಡಿಯಬಯಸುವವರಿಗೆ ‘ಮೈತ್ರಿ’ ಯೋಜನೆಯಡಿ ಮೂರು ತಿಂಗಳ ತರಬೇತಿ ಇದೆ. ಪಿಯುಸಿ ವಿಜ್ಞಾನ ಓದಿದ ರೈತರ ಮಕ್ಕಳಿಗೆ ಕೃಷಿ, ಪಶುವೈದ್ಯಕೀಯ, ಹೈನು ತಂತ್ರಜ್ಞಾನ ಪದವಿಗಳಲ್ಲಿ ಕೃಷಿಕ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಹೊಲ, ಕೊಟ್ಟಿಗೆಯ ಕೆಲಸ ಗೊತ್ತಿರುವ ಮಗುವಿಗೆ ಅಲ್ಲಿ ಅನುಕೂಲ.

ಇನ್ನು ಕೊಟ್ಟಿಗೆಯ ವಿಷಯ. ದನ ಸಾಕಲು ಬುದ್ಧಿ ಬೇಡ ಎನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಆ ಬೆದೆ ಇರುವುದು ಹೆಚ್ಚೆಂದರೆ 12ರಿಂದ 18 ಗಂಟೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಕೊಡಿಸಬೇಕು. ಲೋಳೆ ಸೋರಿದ್ದನ್ನು, ಹಸು ಕೂಗಿದ್ದನ್ನು ಯಾರೂ ಗಮನಿಸದಿದ್ದರೆ ಮತ್ತೆ 21 ದಿನ ಕಾಯಬೇಕು. ಅಷ್ಟೂ ದಿನ ಹಿಂಡಿ, ಮೇವಿನ ಖರ್ಚು ಮಾತ್ರ ನಿಲ್ಲುವುದಿಲ್ಲ. ಮೂರು ಬೆದೆ ತಪ್ಪಿದರೆ ಎರಡು ತಿಂಗಳು ಹೋದಂತೆ. ದಿನಾಂಕ ಬರೆದಿಟ್ಟುಕೊಂಡು ಹಸುವಿನ ಮೇಲೆ ಕಣ್ಣಿಡುವ ಒಬ್ಬ ಹುಡುಗ ಅಥವಾ ಹುಡುಗಿ ಮನೆಯಲ್ಲಿದ್ದರೆ ಈ ನಷ್ಟದ ಬಹುಪಾಲು ತಪ್ಪುತ್ತದೆ. ಕೆಚ್ಚಲು ಬಾವು ಹೊರಗೆ ಕಾಣುವ ಮೊದಲೇ ಪರೀಕ್ಷೆಯಿಂದ ಹಿಡಿಯುವುದು, ಔಷಧಿ ಕೊಟ್ಟ ಹಸುವಿನ ಹಾಲನ್ನು ಡಾಕ್ಟರು ಹೇಳಿದಷ್ಟು ದಿನ ಡೇರಿಗೆ ಹಾಕದಿರುವುದು, ಮಳೆಗಾಲದ ಜೋಳವನ್ನು ರಸಮೇವು ಮಾಡಿ ಬೇಸಿಗೆಗೆ ಉಳಿಸುವುದು, ಇವೆಲ್ಲ ಕಲಿತು ಮಾಡುವ ಕೆಲಸಗಳು.

ಕೊಟ್ಟಿಗೆಯಲ್ಲಿ ಉಳಿಯುವ ಮಗನೋ ಮಗಳೋ ಇದ್ದರೆ ತಂದೆತಾಯಿಗೆ ನನ್ನ ಒಂದು ಷರತ್ತು ಇದೆ. ಅವರನ್ನು ಸಂಬಳವಿಲ್ಲದ ಆಳಿನಂತೆ ದುಡಿಸಬೇಡಿ. ಒಂದು ಪಡ್ಡೆಯನ್ನಾದರೂ ಅವರದೇ ಎಂದು ಬಿಟ್ಟುಕೊಡಿ. ಅದರ ಹಾಲಿನ ಹಣ ಅವರ ಬ್ಯಾಂಕ್ ಖಾತೆಗೆ ಹೋಗಲಿ. 18 ತುಂಬಿದ ಮೇಲೆ ಸಂಘದ ಉಪನಿಯಮ ಒಪ್ಪುವಂತೆ ಸದಸ್ಯತ್ವ ಅವರ ಹೆಸರಿಗೆ ಮಾಡಿಸಿ, ವಾರ್ಷಿಕ ಸಭೆಗೆ ಅವರನ್ನೇ ಕಳಿಸಿ. ಬೆಳಗಿನ ಜಾವ ಎದ್ದು ಹಾಲು ಕರೆಯುವ ಹುಡುಗ ಮೊಬೈಲ್ ರೀಚಾರ್ಜಿಗೂ ಅಪ್ಪನ ಮುಂದೆ ಕೈ ಚಾಚಬೇಕಾದರೆ ಅವನು ಊರು ಬಿಡದೆ ಇನ್ನೇನು ಮಾಡುತ್ತಾನೆ?

ಇನ್ನೊಂದು ಮಾತು. ‘ಕಾಲೇಜು ಎಲ್ಲರಿಗೂ ಬೇಕಿಲ್ಲ’ ಎನ್ನುವುದನ್ನು ಹೆಣ್ಣುಮಕ್ಕಳ ಓದು ನಿಲ್ಲಿಸಲು ನೆಪ ಮಾಡಿಕೊಳ್ಳಬೇಡಿ. ಅಣ್ಣನನ್ನು ಮನಸ್ಸಿಲ್ಲದಿದ್ದರೂ ಕಾಲೇಜಿಗೆ ಕಳಿಸಿ, ಚೆನ್ನಾಗಿ ಅಂಕ ತೆಗೆದ ತಂಗಿಗೆ ಗಂಡು ಹುಡುಕುವುದು ಅನ್ಯಾಯ. ನಿಮ್ಮ ಕೊಟ್ಟಿಗೆಗಳಲ್ಲಿ ನಾನು ಕೇಳುವ ಪ್ರಶ್ನೆಗಳಿಗೆ ಸರಿಯಾಗಿ ಉತ್ತರ ಕೊಡುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಯಾವ ಹಸು ಯಾವಾಗ ಕರು ಹಾಕಿತು, ಎಂದಿನಿಂದ ಮೇವು ಬಿಟ್ಟಿದೆ ಎಂಬುದೆಲ್ಲ ಅವರಿಗೆ ಬಾಯಲ್ಲೇ ಇರುತ್ತದೆ. ಅವರಲ್ಲಿ ಎಷ್ಟೋ ಮಂದಿ ನನ್ನ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಬಲ್ಲರು.

ಈ ವರ್ಷ ಅರ್ಜಿ ಹಾಕುವ ಮೊದಲು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ವಿಷಯ ಮಾತಾಡಿ. ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ? ಈ ಕೋರ್ಸು ಮುಗಿದ ಮೇಲೆ ಎಲ್ಲಿ, ಯಾವ ಕೆಲಸ ಸಿಗುತ್ತದೆ? ಮುಗಿಯುವವರೆಗಿನ ಖರ್ಚು ಎಷ್ಟು, ಎಲ್ಲಿಂದ ಬರಬೇಕು? ಉತ್ತರ ಕಾಲೇಜಿನ ಕಡೆ ಬಂದರೆ ಸಂತೋಷದಿಂದ ಕಳಿಸಿ. ಕೊಟ್ಟಿಗೆಯ ಕಡೆ ಬಂದರೂ ಅಷ್ಟೇ ಸಂತೋಷದಿಂದ ಒಪ್ಪಿಕೊಳ್ಳಿ.

ನಿಮ್ಮ ಸಂಘದಲ್ಲಿ ಬಂಜೆತನ ನಿವಾರಣಾ ಶಿಬಿರ ನಡೆಯುವಾಗ ಹಸುವಿನ ಜೊತೆ ಮಕ್ಕಳನ್ನೂ ಕರೆದುಕೊಂಡು ಬನ್ನಿ. ಬೆದೆ ಗುರುತಿಸುವುದು, ದಾಖಲೆ ಬರೆಯುವುದು ಹೇಗೆಂದು ಅಲ್ಲೇ ಹೇಳಿಕೊಡುತ್ತೇವೆ.

– ಪಶುವೈದ್ಯಾಧಿಕಾರಿ