ಚಿತ್ರಾನ್ನದ ವಯಸ್ಸೆಷ್ಟು?

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ಇವತ್ತು ಒಂದು ತಪ್ಪೊಪ್ಪಿಗೆ, ಒಂದು ತಕರಾರು ಎರಡನ್ನೂ ಹೊತ್ತುಕೊಂಡು ಬಂದಿದ್ದೇನೆ.

ಮೊದಲು ತಪ್ಪೊಪ್ಪಿಗೆ. ಹಿಂದೊಮ್ಮೆ ಇಲ್ಲೇ "ಆಸ್ಟ್ರೇಲಿಯಾದಲ್ಲಿ 440 ಕೋಟಿ ವರ್ಷ ಹಳೆಯ ಬಂಡೆ" ಅಂತ ಬರೆದಿದ್ದೆ. ನಿಮ್ಮಲ್ಲಿ ಕೆಲವರು "ಅಬ್ಬಾ!" ಅಂತ ಕಮೆಂಟೂ ಹಾಕಿದ್ರಿ. ಆದರೆ ನಾನು ಬರೆದದ್ದು ತಪ್ಪು. ಅಷ್ಟು ಹಳೆಯದು ಬಂಡೆಯಲ್ಲ, ಅದರೊಳಗಿದ್ದ ಮರಳಿನಂಥ ಒಂದು ಸಣ್ಣ ಕಣ.

"ಅದರಲ್ಲೇನು ಮಹಾ ವ್ಯತ್ಯಾಸ?" ಅಂತೀರಾ? ಅಡುಗೆಮನೆಗೆ ಬನ್ನಿ. ಅಕ್ಕಿ ಹೋದ ವರ್ಷದ ಬೆಳೆ. ಅನ್ನ ಮಾಡಿದ್ದು ನಿನ್ನೆ ರಾತ್ರಿ. ಮಿಕ್ಕಿದ ಅನ್ನಕ್ಕೆ ಸಾಸಿವೆ, ಅರಿಶಿನದ ಒಗ್ಗರಣೆ ಬಿದ್ದದ್ದು ಇವತ್ತು ಬೆಳಿಗ್ಗೆ. ಈಗ ಹೇಳಿ, ಚಿತ್ರಾನ್ನದ ವಯಸ್ಸೆಷ್ಟು? :)

ಕಣಶಿಲೆಗಳ ಕಥೆಯೂ ಇದೇ. ಎಲ್ಲೋ ಹುಟ್ಟಿದ ಕಲ್ಲು ಸವೆದು, ಅದರ ಕಣಗಳು ನದಿಯಲ್ಲಿ ಹರಿದು ಬಂದು ಒಂದು ಕಡೆ ಶೇಖರವಾಗಿ ಗಟ್ಟಿಯಾಗುತ್ತವೆ. ಆಮೇಲೆ ಭೂಮಿಯ ಆಳದ ಶಾಖ, ಒತ್ತಡಕ್ಕೆ ಸಿಕ್ಕಿ ರೂಪಾಂತರ ಹೊಂದುತ್ತವೆ. ಒಂದೇ ಬಂಡೆಗೆ ಮೂರು ವಯಸ್ಸು.

ಈ ಮೂರನ್ನೂ ಬಿಡಿಸಿ ಹೇಳೋದು ಪುಟಾಣಿ ಖನಿಜಗಳು. ಜಿರ್ಕಾನ್ ಹರಳು ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಲ್ಲ ಅಂದರೂ ಸರಿ. ಯುರೇನಿಯಂ-238ರಲ್ಲಿ ಅರ್ಧ ಭಾಗ ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಹಾಗಾಗಿ ಹರಳಿನಲ್ಲಿ ಈಗ ಎಷ್ಟು ಸೀಸ, ಎಷ್ಟು ಯುರೇನಿಯಂ ಅಂತ ಅಳೆದರೆ ಅದು ಹುಟ್ಟಿದ ಕಾಲ ಸಿಗುತ್ತದೆ. ಆದರೆ ಅದು ಅಕ್ಕಿಯ ವಯಸ್ಸು ಮಾತ್ರ! ಬಂಡೆಯಲ್ಲಿರುವ ಅತಿ ಕಿರಿಯ ಕಣ ಹುಟ್ಟಿದ ಮೇಲೆಯೇ ಶೇಖರಣೆ ಆಗಿರಬೇಕು, ಅಷ್ಟನ್ನು ಹೇಳಬಹುದು. ಇನ್ನು ಮೊನಜೈಟ್ ಒಗ್ಗರಣೆಯ ಸಾಸಿವೆ ಇದ್ದ ಹಾಗೆ. ರೂಪಾಂತರದ ಬಿಸಿಯಲ್ಲಿ ಹೊಸದಾಗಿ ಬೆಳೆದ ಮೊನಜೈಟ್ ಸಿಕ್ಕರೆ ಶೇಖರಣೆ ಅದಕ್ಕಿಂತ ಮೊದಲೇ ಮುಗಿದಿತ್ತು ಅಂತಾಯ್ತು. ಹೀಗೆ ಎರಡೂ ಕಡೆಯಿಂದ ಬೇಲಿ ಹಾಕುತ್ತಾರೆ.

ನಾನು ಎಡವಿದ ಬಂಡೆ ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನದು. 440 ಕೋಟಿ ವರ್ಷದ ಜಿರ್ಕಾನ್ ಸುದ್ದಿ ಬಂದದ್ದು 2001ರಲ್ಲಿ. ಆದರೆ ಮರಳು, ಗುಂಡುಕಲ್ಲು ಸೇರಿ ಆ ಬಂಡೆ ಆದದ್ದು ಸುಮಾರು 300 ಕೋಟಿ ವರ್ಷಗಳ ಹಿಂದೆ. ಬಿರ್ಗರ್ ರಾಸ್ಮುಸೆನ್ ಮತ್ತು ಸಂಗಡಿಗರು 2010ರಲ್ಲಿ ಮೊನಜೈಟ್, ಜೆನೋಟೈಮ್ ಖನಿಜಗಳನ್ನು ಬಂಡೆಯಲ್ಲಿ ಅವು ಇದ್ದ ಜಾಗದಲ್ಲೇ ಅಳೆದು, ಸುಮಾರು 265 ಕೋಟಿ ವರ್ಷಗಳ ಹಿಂದೆ ರೂಪಾಂತರ ಆಗಿತ್ತು ಅಂತ ತೋರಿಸಿದರು. ಅಂದರೆ ಬಂಡೆಯ ವಯಸ್ಸಿನಲ್ಲಿ ನನ್ನ ತಪ್ಪು ಬರೀ 140 ಕೋಟಿ ವರ್ಷ!

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಜಿರ್ಕಾನ್‌ಗಳ ಒಳಗೆ ಸಿಕ್ಕಿಕೊಂಡ ಅಭ್ರಕ ಮುಂತಾದ ಖನಿಜಗಳನ್ನು ನೋಡಿ, ಎಳೆಯ ಭೂಮಿ ಹೀಗಿತ್ತು, ಹಾಗಿತ್ತು ಅಂತ ದೊಡ್ಡ ವಾದಗಳನ್ನೇ ಕಟ್ಟಿದ್ದರು. ಅದೇ ತಂಡ 2011ರಲ್ಲಿ ಜಿರ್ಕಾನ್ ಒಳಗಿದ್ದ ಮೊನಜೈಟ್, ಜೆನೋಟೈಮ್‌ಗಳನ್ನೇ ಅಳೆಯಿತು. ವಯಸ್ಸು ಬಂದದ್ದು ಸುಮಾರು 268 ಕೋಟಿ, ಇಲ್ಲವೇ 80 ಕೋಟಿ ವರ್ಷ! ಹರಳು ಹಳೆಯದು, ಹೊಟ್ಟೆಯೊಳಗಿದ್ದದ್ದು ಆಮೇಲೆ ಬಂದು ಸೇರಿದ್ದು. ಚಿತ್ರಾನ್ನದ ಅಗುಳು ಹಳದಿ ಇದೆ ಅಂತ, ಗದ್ದೆಯಲ್ಲೇ ಹಳದಿ ಭತ್ತ ಬೆಳೆದಿತ್ತು ಅಂದ ಹಾಗಾಯ್ತಲ್ಲ! ಎಲ್ಲವೂ ಹಾಗೆ ಆಮೇಲೆ ಸೇರಿದ್ದಲ್ಲ ಅನ್ನುವ ವಿಜ್ಞಾನಿಗಳೂ ಇದ್ದಾರೆ. ಆಗ ನೀರಿತ್ತು ಅನ್ನೋದಕ್ಕೆ ಜಿರ್ಕಾನ್‌ನ ಸ್ವಂತ ಆಮ್ಲಜನಕ ಕೊಡುವ ಸಾಕ್ಷಿಯೂ ಬೇರೆ ಇದೆ. ಆದರೂ ಹಳೇ ಹರಳಿನೊಳಗೆ ಇದ್ದದ್ದೆಲ್ಲ ಹಳೆಯದೇ ಅನ್ನುವ ಧೈರ್ಯ ಈಗ ಯಾರಿಗೂ ಇರಲಾರದು.

ಇದು ದೂರದ ದೇಶದ ಮಾತಷ್ಟೇ ಅಲ್ಲ. ನಮ್ಮ ಸರಗೂರಿನ ಹೆಸರು ಹೊತ್ತ ಶಿಲಾಸಮೂಹದಲ್ಲೂ 350 ಕೋಟಿ ವರ್ಷ ದಾಟಿದ ಜಿರ್ಕಾನ್ ಕಣಗಳಿವೆ. ನಾಳೆ ಯಾರಾದರೂ "ಕರ್ನಾಟಕದ 350 ಕೋಟಿ ವರ್ಷದ ಕಣಶಿಲೆ" ಅಂತ ಹೆಮ್ಮೆಯಿಂದ ಬರೆದರೆ ಅದು ನನ್ನದೇ ತಪ್ಪಿನ ಮರುಮುದ್ರಣ.

ಈಗ ನನ್ನ ತಕರಾರು. ಕನ್ನಡದಲ್ಲಿ ವಿಜ್ಞಾನ ಬರೆಯುವ ನಾವು ದೊಡ್ಡ ಅಂಕಿ ಕಂಡರೆ ಸಾಕು, ತಲೆಬರಹಕ್ಕೆ ಏರಿಸಿಬಿಡುತ್ತೇವೆ. "ಓದುಗರಿಗೆ ಅಷ್ಟೆಲ್ಲ ವಿವರ ಯಾಕೆ?" ಅನ್ನೋದು ಸಬೂಬು. ಚಿತ್ರಾನ್ನ ತಿನ್ನುವವರಿಗೆಲ್ಲ ಈ ವ್ಯತ್ಯಾಸ ಗೊತ್ತಾಗುತ್ತೆ ಸ್ವಾಮಿ! "ಯಾವುದರ ವಯಸ್ಸು?" ಅನ್ನುವ ಎರಡು ಪದದ ಪ್ರಶ್ನೆ ಕೇಳಿಕೊಂಡು ಬರೆದರೆ ಸಾಕು. ಆ ಹಳೇ ಪೋಸ್ಟನ್ನು ಅಳಿಸಿಲ್ಲ, ಮೇಲೆ ತಿದ್ದುಪಡಿ ಹಾಕಿದ್ದೇನೆ.

ನಿಮ್ಮ ಬ್ಲಾಗುಗಳಲ್ಲೂ ಇಂಥ ಹಳೇ ಅಕ್ಕಿ ಇದೆಯಾ? ಒಮ್ಮೆ ನೋಡಿ ಹೇಳಿ....