ತೋಟದ ಗಾಳಿಗಂಟೆ

ಹೂದೋಟಕ್ಕೆಂದು ಲೋಹದ ಗಾಳಿಗಂಟೆಯನ್ನು ಕೊಳ್ಳುವವರು ಅದರ ಹೊಳಪಿಗೆ ಮಾರುಹೋಗುವುದೇ ಹೆಚ್ಚು. ಮೊದಲು ನೋಡತಕ್ಕದ್ದು, ಕೊಳವೆಗೆ ದಾರ ಪೋಣಿಸಿದ ರಂಧ್ರವು ಎಲ್ಲಿದೆಯೆಂಬುದನ್ನು. ನಾದಗೈಯುವಾಗ ಕೊಳವೆಯ ಮೈಯೆಲ್ಲವೂ ಕಂಪಿಸಿದರೂ, ತುದಿಯಿಂದ ಉದ್ದದ 100ರಲ್ಲಿ ಸುಮಾರು 22 ಪಾಲು ಒಳಗಿನ ಸ್ಥಾನವು ಮಾತ್ರ ನಿಶ್ಚಲವಾಗಿರುವುದು. 24 ಅಂಗುಲದ ಕೊಳವೆಗೆ ಅದು 5 ಅಂಗುಲಕ್ಕೆ ತುಸು ಮೇಲಾಗುವುದು. ಅಲ್ಲಿ ತೂಗಹಾಕಿದ್ದರೆ ನಾದವು ಬಹಳ ಹೊತ್ತು ನಿಲ್ಲುವುದು. ತೀರ ತುದಿಯಲ್ಲಾದರೆ ಬೇಗನೆ ಅಡಗುವುದು.

ಶ್ರುತಿಗೆ ಮೋಹನರಾಗದ ಐದು ಸ್ವರಗಳೇ ಲೇಸು. ಗಾಳಿಗೆ ರಾಗಜ್ಞಾನವೆಲ್ಲಿಯದು? ಅದು ಯಾವ ಎರಡನ್ನು ಕೂಡಿಸಿ ಬಡಿದರೂ ಇವು ಕರ್ಕಶವಾಗವು; ಅರ್ಧಸ್ವರದ ಅಂತರವು ಇವುಗಳಲ್ಲಿಲ್ಲ.

ಕಬ್ಬಿಣವು ಮಳೆಗೆ ತುಕ್ಕು ಹಿಡಿಯುವುದು. ಹಿತ್ತಾಳೆಯು ಕಿಲುಬಿದರೂ ಬಾಳುವುದು. ದಪ್ಪ ಮೈಯ ಅಲ್ಯೂಮಿನಿಯಂ ಹಗುರವೂ ಹೌದು, ಬಾಳಿಕೆಯೂ ಉಂಟು. ಆದರೆ ಲೋಹಕ್ಕಿಂತ ಮೊದಲು ಸೋಲುವುದು ದಾರ. ಹತ್ತಿಯ ನೂಲು ಕೊಳೆಯುವುದು. ಹೆಣೆದ ಪಾಲಿಯೆಸ್ಟರ್ ದಾರವು ಬಿಸಿಲುಮಳೆಗಳನ್ನು ಹೆಚ್ಚು ಕಾಲ ತಡೆಯುವುದು. ಅದಾದರೂ ರಂಧ್ರದ ಅಂಚಿನಲ್ಲಿ ಸವೆದಿದೆಯೇ ಎಂದು ಪ್ರತಿವರ್ಷವೂ ಮುಂಗಾರಿಗೆ ಮುನ್ನ ನೋಡಿರಿ. ಕೆಳಗೆ ಆಡುವ ಮಕ್ಕಳ ತಲೆಯ ಮೇಲೆ ಕೊಳವೆಯು ಬೀಳಬಾರದಷ್ಟೆ.

ನೆರೆಮನೆಯಲ್ಲಿ ಹಸುಗೂಸೋ ರೋಗಿಯೋ ಇದ್ದರೆ, ಕೆಳಗೆ ಇಳಿಬಿಟ್ಟಿರುವ ಗಾಳಿ ಹಿಡಿಯುವ ಬಿಲ್ಲೆಯನ್ನು ರಾತ್ರಿಯ ವೇಳೆ ಕಳಚಿಡಿರಿ. ಗಂಟೆಯು ಬಹುಮಟ್ಟಿಗೆ ಸುಮ್ಮನಿರುವುದು.